ನಡುಗದ ಬೇಲಿ

ಓಕಾ ನದಿ ಕಲ್ಲಾಗಿ ಆರು ವಾರ.
ನಿಜ್ನಿ ನೋವ್ಗೊರೊದ್‌ನ ಮೊದಲ ಟ್ರಾಮ್ ಇಳಿದು
ಬೂಟಿನ ಹಿಮ ಒದರಿ ನೆಲಮಾಳಿಗೆ ಹೊಗುತ್ತೇನೆ.
ಅಲ್ಲಿ ನನ್ನ ಉರಿ, ನನ್ನ ಕೊಳವೆ.
ಮೂವತ್ತೆಂಟು ವರ್ಷ ಗಾಜು ಊದಿದ್ದೇನೆ.
ರಸಾಯನ ತಿಳಿಯದು; ಅದು ಕೂರುವ ಪಾತ್ರೆ ತಿಳಿದೀತು.

ಮೇಲಿನ ಮಹಡಿಯ ತಾಯಿಸಿಯಾ ಲ್ವೋವ್ನಾ
ಚಹಾದ ಹಬೆಯಲ್ಲಿ ಬೆರಳಾಡಿಸುತ್ತ ಒಮ್ಮೆ ಹೇಳಿದ್ದಳು:

“ನಡುವೆ ಒಂದು ಎರ್ಬಿಯಂ, ವಾವಿಲಿಚ್,
ತಾನಾಗಿ ಬೆಳಕನ್ನು ಸರಿಯಾಗಿ ಉಣ್ಣಲಾರದು.
ಸುತ್ತ ಇಂಗಾಲದ ಬೇಲಿ.
ಬೇಲಿ ಬೆಳಕು ಹಿಡಿದು ತುತ್ತು ಮಾಡಿ ಉಣಿಸುತ್ತದೆ.
ಉಂಡದ್ದು ಅವಕೆಂಪಾಗಿ ಹೊರಗೆ ಬರಬೇಕು,
ನಮ್ಮ ಕಣ್ಣಿಗೆ ಬೀಳದ ಬಣ್ಣ,
ಗಾಜಿನೆಳೆ ಹಿಡಿದು ಕಡಲಡಿಯಲ್ಲಿ ಬಲು ದೂರ ನಡೆವಂಥದು.
ಬರುತ್ತಿಲ್ಲ.”

ಯಾಕೆ, ಎಂದೆ.

“ಬೇಲಿಯೇ ಎದ್ದು ಹೊಲ ಮೇಯುತ್ತದೆ.
ಅದರ ತುದಿತುದಿಗೂ ಹೈಡ್ರೋಜನ್,
ಹಗುರ, ಕೂತಲ್ಲಿ ಕೂರದು, ಸದಾ ನಡುಕ.
ಆ ಬೆಳಕಿನ ಎತ್ತರ ಅದಕ್ಕೆ ಎರಡೇ ನೆಗೆತ.
ನೆಗೆದು ಕಸಿದು ಬಿಸಿ ಮಾಡಿ ಚೆಲ್ಲಿಬಿಡುತ್ತದೆ.”

ನಾನು ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡೆ.

ಬೇಸಿಗೆಯೆಲ್ಲ ಅವಳೂ ಕಜಾನಿನ ಹುಡುಗ ಇಲ್ದಾರನೂ
ಒಂದೊಂದೇ ಹೈಡ್ರೋಜನ್ ಕಿತ್ತು ಫ್ಲೋರಿನ್ ಕೂರಿಸಿದರು.
ಹತ್ತೊಂಬತ್ತು ಪಟ್ಟು ಭಾರ.
ಅದೂ ಅಲುಗುತ್ತದಂತೆ, ಆದರೆ ನಿಧಾನ;
ಐದು ಸಲ ಮೇಲೆದ್ದರೂ ಆ ಅಟ್ಟಕ್ಕೆ ಕೈ ಎಟುಕದು.
ಪುಡಿ ತಿಳಿ ಗುಲಾಬಿ, ಒಂದು ಚಿಟಿಕೆ.
ನೀರಿನ ಹನಿಯಲ್ಲೂ ಅದೇ ಕಳ್ಳ ಇದ್ದಾನೆ,
ಉಸಿರು ಕೂಡ ತಾಗಬಾರದು ಎಂದು
ಗಾಜಿನ ಗುಳಿಗೆಯಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು:
ಕತ್ತು ಮುಚ್ಚಿಕೊಡು.

ಮುಚ್ಚಿದೆ.

ಬೆಳಕು ಹುಟ್ಟಿದ್ದೇ ಸತ್ತಿತು.
ಎರಡು ತಿಂಗಳು ಇಲ್ದಾರ ಲೆಕ್ಕ ತಿದ್ದಿದ,
ಅವಳು ತನ್ನ ತಲೆಯನ್ನೇ ಬೈದುಕೊಂಡಳು.
ನನಗೆ ಗೊತ್ತಿತ್ತು.
ಉರಿಯಿಂದ ತೆಗೆವಾಗ ಬಲಗೈ ಒಮ್ಮೆ ಅದುರಿತ್ತು,
ಕೂದಲಿಗಿಂತ ಸಣ್ಣ ಬಿರುಕು,
ಅಲ್ಲಿಂದ ಊರಿನ ಮಂಜೆಲ್ಲ ಒಳಗೆ ಹೋಗಿರಬೇಕು.
ವಸಂತದಿಂದಲೇ ಈ ನಡುಕ.
ಯಾರಿಗೆ ಹೇಳಲಿ? ಗಾಜಿನವನ ಕೈ ನಡುಗಿದರೆ
ಅವನಿಗೆ ಕೊಡುವುದು ಒಂದೇ, ಬಾಗಿಲು ಕಾಯುವ ಕೆಲಸ.

ಹೇಳಿದ್ದು ಒಂದು ಗುರುವಾರ, ಮೆಟ್ಟಿಲ ಮೇಲೆ ನಿಂತು,
ಅವಳ ಮುಖ ನೋಡದೆ.
ಅವಳು ಬೈಯಲಿಲ್ಲ. ನನ್ನ ಮಣಿಕಟ್ಟು ಹಿಡಿದು
ಕೋಳಿ ಕೊಳ್ಳುವವಳಂತೆ ತೂಗಿ ನೋಡಿದಳು.
“ಮಂಜು ಒಡೆದು ಮೀನು ಹಿಡಿಯಲು ಹೋಗುತ್ತೀಯಲ್ಲ?
ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳು ಎಲ್ಲಿವೆ?”

ಹದಿನಾಲ್ಕು ಗುಂಡು. ಹಳೆಯ ಕಾಲುಚೀಲದಲ್ಲಿ ಹೊಲಿದು
ಮಣಿಕಟ್ಟಿಗೆ ಸುತ್ತಿದಳು ಅವಳೇ, ದಾರ ಹಲ್ಲಲ್ಲಿ ಕಡಿದು.
ಕೈ ನಡುಗುವುದನ್ನು ಬಿಡಲಿಲ್ಲ, ಮರೆಯಲೂ ಇಲ್ಲ.
ನಡುಗಲು ತಡಮಾಡಿತು.
ಆ ತಡದಲ್ಲಿ ಗಾಜು ಕರಗಿ, ಕೂಡಿ,
ತನ್ನ ಬಾಯನ್ನು ತಾನೇ ಮುಚ್ಚಿಕೊಂಡಿತು.

ಸಂಜೆ ಕರೆದರು. ದೀಪ ಆರಿಸಿದ ಕೋಣೆ,
ದ್ರವ ಸಾರಜನಕ ಉಸುರುವ ಸದ್ದು.
ನೋಡಿದೆ. ಏನೂ ಕಾಣಲಿಲ್ಲ.
ಗುಳಿಗೆ ಕತ್ತಲಲ್ಲಿ ಕತ್ತಲಾಗಿಯೇ ಇತ್ತು.
ಪರದೆಯ ಮೇಲೆ ಮಾತ್ರ ಒಂದು ಗೆರೆ,
ಹಿಂದೆ ಬಾವಿಗೆ ಬಿದ್ದ ಕೊಡದಂತೆ ನೆಟ್ಟಗೆ ಇಳಿದದ್ದು
ಈಗ ಗುಡ್ಡ ಇಳಿವ ಮುದುಕನಂತೆ ಕೂತು, ಎದ್ದು, ಬರುತ್ತಿತ್ತು.
ಸೆಕೆಂಡನ್ನು ಹತ್ತು ಲಕ್ಷ ಚೂರು ಮಾಡಿದರೆ
ಮೊದಲು ಒಂದು ಚೂರು ಬದುಕಿತ್ತು;
ಇಂದು ನೂರಾರು.
ಇಲ್ದಾರ ತನ್ನ ಭಾಷೆಯಲ್ಲಿ ಏನೋ ಕೂಗಿದ.

ಅಷ್ಟೇನಾ, ಎಂದೆ.
ಅಷ್ಟೇ, ಎಂದಳು, ಕಣ್ಣೊರೆಸಿಕೊಂಡು.

ಭಾನುವಾರ ಮೀನಿಗೆ ಹೋಗಲಿಲ್ಲ, ಗಾಳಕ್ಕೆ ಗುಂಡಿಲ್ಲ.
ಅಡುಗೆಮನೆಯಲ್ಲಿ ಒಬ್ಬನೇ ಕೂತು
ಚಹಾ ತುಂಬಿದೆ, ಅಂಚಿನವರೆಗೆ,
ಭಾರದ ಕೈಯಿಂದ ಮೆಲ್ಲಗೆ ಎತ್ತಿದೆ.
ತಟ್ಟೆ ಒಣಗಿಯೇ ಇತ್ತು.