ಸುಲೈಮಾನಿ ಬಣ್ಣದ ನೀರು

ಕುರಿಯಾತ್ ಅಂದಾಗ ಫೋನಿನಲ್ಲಿ ತಂಗಿ ನಕ್ಕಿದ್ದಳು:
"ಕುರಿ ಕಾಯಲಿಕ್ಕೆ ಅಷ್ಟು ದೂರ ಹೋದೆಯಾ?"
ಇಲ್ಲ ಮಾರಾಯ್ತಿ, ನೀರು ಕಾಯಲಿಕ್ಕೆ.

ಮೂರು ದಿನದ ಹಿಂದೆ ವಾದಿ ಬಂತು.
ಇಲ್ಲಿಯವರು ಹೇಳುವುದೇ ಹಾಗೆ, ನೆಂಟರು ಬಂದಂತೆ.
ವರ್ಷವಿಡೀ ಕಲ್ಲು ಹಾಸಿಕೊಂಡು ಮಲಗಿದ್ದ ಕಣಿವೆ
ಒಂದೇ ರಾತ್ರಿಗೆ ಎದ್ದು
ಖರ್ಜೂರದ ಗರಿ, ಆಡಿನ ಹಿಕ್ಕೆ,
ನಮ್ಮ ಎಲಚಿಗೆ ಅಕ್ಕನಾಗಬೇಕಾದ ಸಿದ್ರ್ ಮರದ ಎಲೆ,
ಯಾರದೋ ಒಂದು ಕಾಲಿನ ಚಪ್ಪಲಿ
ಎಲ್ಲ ಹೊತ್ತು ತಂದು ಅಣೆಕಟ್ಟಿಗೆ ಸುರಿಯಿತು.

ಚಪ್ಪಲಿಯನ್ನು ಜಾಲರಿ ಹಿಡಿಯಿತು.
ಮಣ್ಣನ್ನು ಪಟಿಕ ಗದರಿಸಿ ಕೆಳಗೆ ಕೂರಿಸಿತು.
ಬಣ್ಣ ಮಾತ್ರ ಯಾರ ಮಾತೂ ಕೇಳಲಿಲ್ಲ.
ಲೋಟ ಎತ್ತಿ ಹಿಡಿದರೆ
ಹಾಲಿಲ್ಲದ ಚಹಾ, ನಮ್ಮ ಮೆಸ್ಸಿನ ಸುಲೈಮಾನಿ.
ಇದಕ್ಕೇ ಕ್ಲೋರಿನ್ ಬೆರೆಸಿದಿರೋ,
ಕೊಳೆತ ಎಲೆ ವಿಷದ ವೇಷ ಕಟ್ಟುತ್ತದೆ.

ಹಾಗಾಗಿ ಈ ತೊಟ್ಟಿ. ಒಳಗೆ ರಾಳದ ಮಣಿಗಳು,
ಸಾಸಿವೆಗಿಂತ ಸಣ್ಣ, ಜೇನಿನ ಬಣ್ಣ, ಎಣಿಸಿದವರಿಲ್ಲ.
ಒಂದೊಂದೂ ಸಂತೆಯಲ್ಲಿ ಪಳಗಿದ ಮುದುಕಿ:
ಬಿಟ್ಟಿಯಾಗಿ ಏನನ್ನೂ ಮುಟ್ಟುವವಳಲ್ಲ.
ಉಪ್ಪಿನ ಒಂದಂಶ ನೀರಿಗೆ ಕೊಟ್ಟು
ಎಲೆಯ ಕಪ್ಪನ್ನು ಸೆರಗಿಗೆ ಕಟ್ಟಿಕೊಳ್ಳುತ್ತಾಳೆ.

ಬೆಳಗಿನ ಜಾವ ಮೂರಕ್ಕೆ ಸೆರಗು ತುಂಬಿತು.
ಮೀಟರ್ ಕೂಗಿತು. ಖಲ್ಫಾನ್ ವಾಲ್ವ್ ತಿರುಗಿಸಿದ,
ಉಪ್ಪುನೀರು ಬಿಟ್ಟೆವು.
ಉಪ್ಪು ತಿಂದವರು ನೀರು ಕುಡಿಯಬೇಕು, ಸರಿ;
ನೀರು ಕುಡಿಸುವವರೂ ಉಪ್ಪು ತಿನ್ನಬೇಕೆಂದು
ನನಗೆ ತಿಳಿದದ್ದು ಇಲ್ಲಿ.

ಕೆಳಗಿನ ಕೊಳವೆಯಲ್ಲಿ ಇಳಿಯಿತು ಕಡುಗಪ್ಪು ಡಿಕಾಕ್ಷನ್,
ಮೂರು ದಿನದ ಕಣಿವೆ ಬತ್ತಿ ಬತ್ತಿ ಇಷ್ಟಾಗಿ.
ಮೂಸಿದೆ: ಉಪ್ಪು, ಸ್ವಲ್ಪ ಮೀನು,
ಅದರ ಹಿಂದೆ ಎಲ್ಲೋ ಒದ್ದೆ ಎಲೆ.

ಮೊನ್ನೆ ಇಲ್ಲಿನ ನೀರು ಒಂದು ಬಾಟಲಿ
ಅಜ್ಜನಿಗೆ ಒಯ್ದಿದ್ದನಂತೆ ಖಲ್ಫಾನ್.
ತೊಂಬತ್ತು ದಾಟಿದ ಜೀವ, ಫಲಜಿನ ಕಾಲುವೆ ಕುಡಿದು ಬೆಳೆದದ್ದು.
ಬಾಯಲ್ಲಿ ಹೊರಳಿಸಿ, ನುಂಗಿ, ಕೇಳಿದರಂತೆ:
"ಚೆನ್ನಾಗಿದೆ. ಆದರೆ ಇದರಲ್ಲಿ ಯಾರೂ ಇಲ್ಲವಲ್ಲ?"

ನಾನು ನಗಲಿಲ್ಲ.
ಅದೇ ಕಾಲುವೆ ಕುಡಿದು ಅವರ ತಮ್ಮ,
ಹನ್ನೊಂದರ ಹುಡುಗ, ವಾಂತಿಭೇದಿಯಲ್ಲಿ ಹೋದದ್ದನ್ನೂ
ಖಲ್ಫಾನನೇ ಹೇಳಿದ್ದ, ಬೇರೊಂದು ರಾತ್ರಿ.

ನಾಲ್ಕು ಹತ್ತು. ಮಣಿಗಳಿಗೆ ಮತ್ತೆ ಜೇನಿನ ಬಣ್ಣ,
ಪೂರ್ತಿ ಅಲ್ಲ. ಪ್ರತಿ ಸಲ ಒಂದಿಷ್ಟು ಎಲೆ
ಒಳಗೇ ಉಳಿಯುತ್ತದೆ, ಯಾವ ಉಪ್ಪಿಗೂ ಬಗ್ಗದೆ.
ಪುಸ್ತಕದಲ್ಲಿ ಬರೆದೆ: ಬಣ್ಣ, ಎರಡು. ವಾಸನೆ, ಇಲ್ಲ.
ರುಚಿಗೂ ಒಂದು ಕಾಲಂ ಇದೆ.
ಲೋಟ ತೊಳೆದು, ಒಂದು ಗುಟುಕು ಕುಡಿದು
ಪೆನ್ನು ಹಿಡಿದು ಕೂತಿದ್ದೇನೆ.
ಹೊರಗೆ ಮೊದಲ ಟ್ಯಾಂಕರಿನವ
ಆಗಲೇ ಹಾರ್ನ್ ಹೊಡೆಯುತ್ತಿದ್ದಾನೆ.