ನಾಲ್ಕು ಚಕ್ರ

ರೇಷನ್ ಅಂಗಡಿಯ ಗೋಡೆಯಲ್ಲಿ
ನನ್ನ ಕಣ್ಣಿಗೆ ಎಟುಕದಷ್ಟು ಮೇಲೆ ಅಂಟಿಸಿದ್ದರು.
ಅಂಗಡಿಯ ಹುಡುಗನೇ ಓದಿ ಹೇಳಿದ:
ನಲವತ್ತೊಂದು. ವಾಮನ ತಿಂಗಳಾಯ, ಮಲ್ಪೆ.
ಕಾರ್ಡು ರದ್ದು.
ಕಾರಣ: ನಾಲ್ಕು ಚಕ್ರದ ವಾಹನ.

ಓದಿ ಮುಗಿಸಿ ನಕ್ಕ. ನಾನೂ ನಕ್ಕೆ.
ಹೊರಗೇ ನಿಂತಿತ್ತಲ್ಲ ಗಾಡಿ,
ಯಾರೋ ಓಡಿಸಿ ಬಿಟ್ಟ ಸ್ಕೂಟರು,
ಹಿಂಚಕ್ರದ ಆಚೆಗೊಂದು ಈಚೆಗೊಂದು
ಗ್ಯಾರೇಜಿನ ಇಸ್ಮಾಯಿಲ್ ಬೋಲ್ಟು ಬಿಗಿದು ಕೊಟ್ಟ ಪುಟ್ಟ ಗಾಲಿ,
ನಿಲ್ಲಿಸಿದಾಗ ನಾನು ಬೀಳಬಾರದೆಂದು.
ಲೆಕ್ಕವೇನೂ ತಪ್ಪಿಲ್ಲ ಮಾರಾಯ್ರೆ,
ಎರಡು, ಮತ್ತೆರಡು.

ಮೂರು ವರ್ಷಕ್ಕೆ ಬಂದ ಜ್ವರ
ಇಳಿಯುವಾಗ ಎಡಗಾಲನ್ನೂ ಕೊಂಡುಹೋಯಿತು.
ಸರಕಾರ ಅದನ್ನು ಅಳೆದು
ಶೇಕಡಾ ಎಪ್ಪತ್ತು ಎಂದು ಬರೆದುಕೊಟ್ಟಿದೆ,
ಪ್ಲಾಸ್ಟಿಕ್ಕು ಹಾಕಿಸಿ ಇಟ್ಟಿದ್ದೇನೆ.
ಬಲೆ ಹೆಣೆಯಲು ಬಲಗಾಲಿನ ಹೆಬ್ಬೆರಳು ಸಾಕು.
ಅದಕ್ಕೆ ಸಿಕ್ಕಿಸಿ ಎಳೆದು ಹಿಡಿದರೆ
ಹರಿದ ಕಣ್ಣು ತಾನೇ ಬಾಯಿ ಬಿಡುತ್ತದೆ.

ಅಕ್ಕಿ ತಾನೆ, ಹೋದರೆ ಹೋಗಲಿ ಅಂದೆ.
ಅಕ್ಕಿ ಅಲ್ಲ, ಅಂದಳು ಸುಗುಣ.

ಮಂಗಳವಾರ, ಶುಕ್ರವಾರ ಅವಳಿಗೆ ಅಜ್ಜರಕಾಡು.
ನಾಲ್ಕು ಗಂಟೆ, ರಕ್ತವನ್ನೆಲ್ಲ ಹೊರಗೆ ಕರೆದು
ತೊಳೆದು ಮತ್ತೆ ಒಳಗೆ ಕಳಿಸುತ್ತಾರೆ.
ಹೋಗುವುದು ಇದೇ ಗಾಡಿಯ ಹಿಂದೆ ಕೂತು,
ಕಲ್ಮಾಡಿ, ಆದಿಉಡುಪಿ, ಅಲ್ಲಿಂದ ಏರು.
ಬರುವಾಗ ಅವಳ ತಲೆ ನನ್ನ ಬೆನ್ನಿಗೆ.

ಆಸ್ಪತ್ರೆ ಕೌಂಟರಿನ ಹುಡುಗಿ ಪಾಪದವಳು.
ಕೀಲಿಮಣೆಯಿಂದ ಕೈ ತೆಗೆದು ಹೇಳಿದಳು,
ಈಗ ನಿಮ್ಮದು ಎಪಿಎಲ್ ಅಂಕಲ್,
ಮೂವತ್ತು ಸರಕಾರದ್ದು, ಎಪ್ಪತ್ತು ನಿಮ್ಮದು.
ಎಪ್ಪತ್ತು ಮೊದಲಿಂದಲೂ ನನ್ನದೇ ಉಂಟಲ್ಲ ಅಂದೆ.
ಅವಳಿಗೆ ಅರ್ಥವಾಗಲಿಲ್ಲ.

ಆ ವಾರ ಒಂದು ಶುಕ್ರವಾರ ತಪ್ಪಿತು.
ಭಾನುವಾರ ಸುಗುಣಳ ಪಾದ ಒತ್ತಿ ನೋಡಿದರೆ
ನನ್ನ ಬೆರಳಿನ ಗುಂಡಿ
ಎಷ್ಟು ಹೊತ್ತಾದರೂ ಹಾಗೆಯೇ ಉಳಿಯಿತು.

ತಾಲೂಕು ಕಚೇರಿಯ ಲಿಫ್ಟಿಗೆ ಕಾಗದ ಅಂಟಿಸಿದ್ದರು.
ಕೂತು, ಕೈಯೂರಿ, ಇಪ್ಪತ್ತೆರಡು ಮೆಟ್ಟಿಲು.
ಮೇಜಿನಾಚೆಯವರು ಎದ್ದು ನಿಂತು
ನನ್ನನ್ನು ಬಗ್ಗಿ ನೋಡಿದರು.
ಅಂಗವಿಕಲರ ಗಾಡಿ ಸಾರ್ ಅದು.
ಗೊತ್ತಾಯಿತು ತಿಂಗಳಾಯರೇ, ಕಾಲಮ್ಮಿಲ್ಲ.
ಬೇಸರದಿಂದಲೇ ಅಂದದ್ದು, ಸುಳ್ಳು ಹೇಳಬಾರದು.
ಆಮೇಲೆ ದನಿ ತಗ್ಗಿಸಿ,
ಒಂದು ಕೆಲಸ ಮಾಡಿ.
ಎರಡು ಗಾಲಿ ಬಿಚ್ಚಿಸಿ ಫೋಟೋ ತನ್ನಿ.

ಇಸ್ಮಾಯಿಲ್ ಏನೂ ಕೇಳಲಿಲ್ಲ. ಸ್ಪ್ಯಾನರು ತಂದ.
ಗಾಲಿ ಕಳಚಿದ ಗಾಡಿಯ ಮೇಲೆ
ಮೊದಲ ಸಲ ಕೂತೆ, ಬೆನ್ನು ನೆಟ್ಟಗೆ ಮಾಡಿ,
ಬಂದರಿನ ಉಳಿದ ಗಂಡಸರ ಹಾಗೆ.
ಅವನು ಹಿಂದೆ ಕುಕ್ಕರಗಾಲಲ್ಲಿ ಅಡಗಿ
ಗಾಡಿಯನ್ನೂ ನನ್ನನ್ನೂ ಹಿಡಿದಿದ್ದ.
ಅವನ ಮಗಳು ಮೊಬೈಲು ಎತ್ತಿ, ನಗಿ ಮಾಮ ಅಂದಳು.

ಫೋಟೋ ಚಂದ ಬಂದಿದೆ.
ಮದುವೆಯದಕ್ಕಿಂತ ಇದೇ ಲಾಯ್ಕುಂಟು ಅಂತಾಳೆ ಸುಗುಣ.
ಸೀಟಿನ ಅಂಚಿನಲ್ಲಿ
ಗ್ರೀಸು ಹತ್ತಿದ ನಾಲ್ಕು ಬೆರಳು ಕಾಣುತ್ತವೆ,
ಹುಡುಕಿದರೆ.
ತಾಲೂಕಿನವರು ಹುಡುಕಲಿಲ್ಲ, ಸೀಲು ಹಾಕಿದರು.
ಗಾಲಿ ಮತ್ತೆ ಬಿಗಿದದ್ದಕ್ಕೆ ಇಸ್ಮಾಯಿಲ್ ನೂರು ತೆಗೆದುಕೊಂಡ.

ಅರ್ಜಿ ಪರಿಶೀಲನೆಯಲ್ಲಿ ಉಂಟಂತೆ.
ಜೂನ್, ಬೋಟುಗಳೆಲ್ಲ ದಡದಲ್ಲಿ,
ಹೊಲಿಯಲು ಬಲೆ ಗುಡ್ಡೆ ಬಿದ್ದಿದೆ, ಮುಂಗಡ ಕೇಳಿದ್ದೇನೆ.
ರಾತ್ರಿ ಅವಳು ಅರ್ಧ ಲೋಟ ನೀರನ್ನು
ಮೂರು ಪಾಲು ಮಾಡಿ ಕುಡಿದು ಮಲಗಿದ ಮೇಲೆ
ಸೂಜಿ ಚುಚ್ಚುವ ಆ ಕೈಗೆ ಕಿವಿಯಿಟ್ಟು ಕೇಳುತ್ತೇನೆ.
ಡಾಕ್ಟರೇ ಹೇಳಿಕೊಟ್ಟದ್ದು, ಸದ್ದು ಇರಬೇಕು ಎಂದು.
ಇದೆ.
ಅಳಿವೆಯಾಚೆ ಕತ್ತಲಲ್ಲಿ
ಯಾವುದೋ ಬೋಟಿನ ಎಂಜಿನ್ನು
ಬರುತ್ತಿದೆಯೋ ಹೋಗುತ್ತಿದೆಯೋ
ಎಂದು ತಿಳಿಯದ ಹಾಗೆ.