ರವಾನೆ ಪುಸ್ತಕದ ಕೊನೆಯ ಪುಟ

ಮಡಿಕೇರಿ ಕೋಟೆ, ಐವತ್ತಾರರ ಅಕ್ಟೋಬರ್ ಮೂವತ್ತೊಂದು.
ಸಂಜೆ ಐದು. ನಮ್ಮ ರಾಜ್ಯಕ್ಕೆ ಇನ್ನು ಏಳು ಗಂಟೆ ಆಯಸ್ಸು;
ನನಗೆ ಹನ್ನೊಂದು ಕಾಗದ ರವಾನೆ ಬಾಕಿ.

ಮಂಜು ಕಿಟಕಿ ದಾಟಿ ಬಂದು ಬೆಂಚಿನ ಮೇಲೆ ಕೂತಿದೆ
ಅಹವಾಲು ತಂದವರ ಹಾಗೆ.
ಸಭೆಯ ಇಪ್ಪತ್ತನಾಲ್ಕು ಕುರ್ಚಿ ಎಣಿಸಿ ಸಹಿ ಹಾಕಿದ್ದೇನೆ.
ಒಂದಕ್ಕೆ ಕೈ ಮುರಿದಿದೆ,
ಯಾವ ಮಾತಿನ ಬಿಸಿಗೆ ಮುರಿಯಿತೋ ದಾಖಲೆಯಿಲ್ಲ.

ಹೊರಗೆ ಲಾರಿ. ಮೊಯ್ದು ಕಟ್ಟು ಹೊರುತ್ತಾನೆ:
ಕಂದಾಯ, ಕಾಡು, ಕೋವಿ, ಜಮ್ಮಾ.
"ಕೋವಿ ಹಗುರ ಜೋಯಪ್ಪನೋರೆ, ಜಮ್ಮಾದ್ದೇ ಭಾರ."

ಇದೊಂದು ಫೈಲು ಯಾವ ಕಟ್ಟಿಗೂ ಸೇರುತ್ತಿಲ್ಲ.
ಕಕ್ಕಬ್ಬೆಯಾಚೆ ಒಂದು ತೋಡು, ಅದಕ್ಕೊಂದು ಸಂಕ.
ಅರ್ಜಿದಾರಳು ಬೊಳ್ಳವ್ವ, ಹೆಬ್ಬೆಟ್ಟು.
ದೆಹಲಿಗೆ ಬರೆದೆವು: ಹಣ ನಿಮ್ಮದು.
ದೆಹಲಿ ಬರೆಯಿತು: ನಕ್ಷೆ ಕಳಿಸಿ.
ಕಳಿಸಿದೆವು. ವರ್ಷದ ಮೇಲೆ ಪ್ರಶ್ನೆ ಬಂತು:
ತೋಡು ಎಂದರೆ ನದಿಯೆ, ಕಾಲುವೆಯೆ?
ಅರ್ಧ ದಿನ ಚರ್ಚೆ ನಡೆದು ಉತ್ತರ ಹೋಯಿತು:
ಮಳೆಗಾಲದಲ್ಲಿ ನದಿ.
ಮೊನ್ನೆ ಕಡೆಯ ಓಲೆ: ವಿಷಯ ಹೊಸ ರಾಜ್ಯಕ್ಕೆ ಸೇರಿದ್ದು.
ಬೆಂಗಳೂರಿಗೆ ತಂತಿ ಕೊಟ್ಟರೆ
ನಾವಿನ್ನೂ ಹಳೆಯ ರಾಜ್ಯ, ಒಂದನೇ ತಾರೀಕಿನ ನಂತರ ಬರೆಯಿರಿ ಎಂದರು.
ಆಮೇಲೆ ಬರೆಯಲು ನಾವಿರುವುದಿಲ್ಲ
ಎಂದು ಬರೆಯಲು ಹಾಳೆ ತೆಗೆದೆ,
ಮೇಲೆ ಅಚ್ಚಾದ ಹೆಸರು ನೋಡಿ ಕೆಳಗಿಟ್ಟೆ.

ಕಕ್ಕಡದಲ್ಲಿ ಅವಳೇ ಬಂದಿದ್ದಳು.
ಗಾರೆಯ ಆನೆಗಳ ಹತ್ತಿರ ಕೊಡೆ ಮಡಿಸಿ ನಿಂತು,
"ಯಾರಿಗೆ ಕೈ ಮುಗಿಯಬೇಕು ಹೇಳು, ಅವರಿಗೇ ಮುಗಿಯುತ್ತೇನೆ."
ನಾನು ಬಡಗಣ ತೋರಿಸಿದ್ದೆ.
ಈಗಾದರೆ ಮೂಡಣ ತೋರಿಸಬೇಕು.
ತೋಡು ಮಾತ್ರ ಯಾರನ್ನೂ ಕೇಳದೆ
ಕಾವೇರಿಗೆ ಬಿದ್ದು ಮೈಸೂರಿನ ಕಡೆಗೆ ಹೋಗುತ್ತಿದೆ,
ವಿಲೀನದ ಮಾತು ಹುಟ್ಟುವ ಮೊದಲಿಂದ.
"ಒಂದು ಹಲಸಿನ ಮರ ಕಡಿದು ಅಡ್ಡ ಹಾಕಿಕೊಂಡಿದ್ದೇವೆ," ಅಂದಿದ್ದಳು,
"ಅದು ಕೊಳೆಯುವ ಮೊದಲು ಹೇಳಿಕಳಿಸು."

ಮೊಹರು ಯಾವ ಪೆಟ್ಟಿಗೆಗೆ?
ಪಟ್ಟಿಯಲ್ಲಿ ಮೊಹರೇ ಇಲ್ಲ. ಯಾರೂ ಕೇಳಿಲ್ಲ.
ಅಂಗೈಯಲ್ಲಿ ತಿರುಗಿಸಿ ನೋಡುತ್ತೇನೆ: ಅಕ್ಷರವೆಲ್ಲ ಉಲ್ಟಾ.
ನಾಲ್ಕು ವರ್ಷ ಒತ್ತಿದಾಗಷ್ಟೇ ಅವು ನೆಟ್ಟಗಾಗಿದ್ದು.
ಶಾಯಿ ಇನ್ನೂ ಹಸಿ.
ಫೈಲಿನ ಮೇಲೊಮ್ಮೆ ಒತ್ತಿ, ಪುಸ್ತಕದಲ್ಲಿ ಸಂಖ್ಯೆ ಹಾಕಿದೆ.
'ಯಾರಿಗೆ' ಎಂಬ ಕಲಮಿನಲ್ಲಿ ಪೆನ್ನು ನಿಂತಿತು.

"ಮೊಯ್ದು, ಹಲಸಿನ ದಿಮ್ಮಿ ಎಷ್ಟು ಮಳೆಗಾಲ ತಡೆಯುತ್ತದೆ?"
"ತಿರುಳು ಗಟ್ಟಿಯಿದ್ದರೆ ಏಳೆಂಟು. ಯಾಕೆ?"

ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ.